ಹೆಬ್ಬೆಟ್ಟು ಮೊದಲು, ಸಾಕ್ಷಿ ಆಮೇಲೆ

ಕುರುಗೋಡಿನ ಮುದಿ ಉಪದೇಶಿಯೊಬ್ಬರು ನನ್ನ ಬಲಗೈಗೆ ಕುಸುಬೆ ಎಣ್ಣೆ ಹಚ್ಚಿ ಪ್ರಾರ್ಥಿಸಿದಾಗ ನನಗೆ ಇಪ್ಪತ್ತೆರಡು ವರ್ಷ. ಅಭಿಷೇಕ ತಲೆಗೆ ಮಾಡುವುದು ವಾಡಿಕೆ. ಅವರು ತಲೆ ಬಿಟ್ಟು ಕೈ ಹಿಡಿದರು. “ತಲೀ ಬ್ಯಾಡ ತಮ್ಮಾ, ಅದರಾಗ ಮೊದಲ ಸೊಕ್ಕು ತುಂಬೈತಿ. ನಿನ್ನ ಕೈ ದೇವರಿಗೆ ಬೇಕಾಗೈತಿ. ಬರಿ,” ಎಂದರು. ಸುತ್ತ ಕೂತವರು ನಕ್ಕರು. ನಾನು ಮಾತ್ರ ಗಳಗಳ ಅತ್ತೆ. ದೇವರು ಕರೆದನೆಂದು ಅವತ್ತು ನಿಜವಾಗಿಯೂ ನಂಬಿದ್ದೆ.

ಎರಡನೇ ಮಹಾಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ನಾನು ಬಳ್ಳಾರಿಯ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದೆ. ನಮ್ಮ ಕ್ರೈಸ್ತ ಸಭೆಯ ತಿಂಗಳ ಪತ್ರಿಕೆ ಅಲ್ಲೇ ಅಚ್ಚಾಗುತ್ತಿತ್ತು. ಅದರ ಕೊನೆಯ ಪುಟ ಹಳ್ಳಿಯ ವಿಶ್ವಾಸಿಯೊಬ್ಬರ ಸಾಕ್ಷಿಗೆ ಮೀಸಲು. ದೇವರು ತಮ್ಮ ಬಾಳಿನಲ್ಲಿ ಏನು ಮಾಡಿದನೆಂದು ಅವರು ಹೇಳುವುದು, ನಾನು ಬರೆಯುವುದು. ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿದರೆ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಸಾಕ್ಷಿಯ ಕೆಳಗೆ ‘ಹೆಬ್ಬೆಟ್ಟಿನ ಗುರುತು ಇದೆ’ ಎಂದು ಅಚ್ಚಾಗುತ್ತಿತ್ತು. ಇದು ಕ್ರಮ. ನಾನು ಅದನ್ನು ತಲೆಕೆಳಗು ಮಾಡಿದೆ. ಬಸ್ಸು ಹಿಡಿಯುವ ಅವಸರದಲ್ಲಿ ಖಾಲಿ ಹಾಳೆಯ ಬುಡಕ್ಕೆ ಮೊದಲೇ ಹೆಬ್ಬೆಟ್ಟು ಒತ್ತಿಸಿಕೊಂಡು, ಬಳ್ಳಾರಿಗೆ ಬಂದು ನಿಧಾನವಾಗಿ ಬರೆಯುತ್ತಿದ್ದೆ. ಯಾರೂ ಬೇಡವೆನ್ನಲಿಲ್ಲ. ಎಣ್ಣೆ ಹಚ್ಚಿಸಿಕೊಂಡ ಕೈಯನ್ನು ಕೇಳುವವರು ಯಾರು!

ಸಿರುಗುಪ್ಪದ ಪ್ರಾರ್ಥನಾ ಮನೆಗೆ ಕರೂರಿನಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಅವಳ ಗಂಡ ಊರಿನ ನೀರುಗಂಟಿ, ಕಾಲುವೆ ನೀರನ್ನು ಸರದಿಯಂತೆ ಗದ್ದೆಗಳಿಗೆ ತಿರುಗಿಸುವವನು. ಹೆರಿಗೆಯ ಜ್ವರದಲ್ಲಿ ಅವಳು ಸಾಯುವಂತಾದಾಗ ಅವನೇ ಬಂಡಿ ಕಟ್ಟಿ ಬಳ್ಳಾರಿಯ ಆಸ್ಪತ್ರೆಗೆ ತಂದ. ಅಲ್ಲೊಬ್ಬ ನರ್ಸಮ್ಮ ಹಾಸಿಗೆಯ ಪಕ್ಕ ಮೊಣಕಾಲೂರಿ ಪ್ರಾರ್ಥಿಸಿದಳು. ಇವಳು ಬದುಕಿದಳು, ನಂಬಿದಳು. ಅವನು ನಂಬಲಿಲ್ಲ, ಅಡ್ಡಿಯನ್ನೂ ಮಾಡಲಿಲ್ಲ. ಭಾನುವಾರ ಅವಳ ಜೊತೆ ನಡೆದು ಬಂದು, ಪ್ರಾರ್ಥನೆ ಮುಗಿಯುವ ತನಕ ಹೊರಗೆ ಬೇವಿನ ನೆರಳಲ್ಲಿ ಬೀಡಿ ಸೇದುತ್ತ ಕೂತಿರುತ್ತಿದ್ದ.

ಇಷ್ಟೇ ಅವಳು ಹೇಳಿದ್ದು. ಇಷ್ಟೇ ಸಾಕಿತ್ತು. ನನಗೆ ಸಾಲಲಿಲ್ಲ. ಬೇವಿನ ನೆರಳಿನಲ್ಲಿ ಕೂತ ಒಳ್ಳೆಯ ಗಂಡನನ್ನು ಇಟ್ಟುಕೊಂಡು ಎಂಥ ಸಾಕ್ಷಿ ಬರೆಯುವುದು? ಅಚ್ಚುಕೂಟದ ಮೂಲೆಯಲ್ಲಿ ಕೂತು ಉಪ್ಪುಖಾರ ಹಚ್ಚಿದೆ. ಅವನನ್ನು ಕುಡುಕನನ್ನಾಗಿ ಮಾಡಿದೆ. ಹೆಂಡತಿಯ ಜುಟ್ಟು ಹಿಡಿದು ಹೊಡೆಯುವವನನ್ನಾಗಿ ಮಾಡಿದೆ. ಕೊನೆಗೆ ಅವಳ ಪ್ರಾರ್ಥನೆಯಿಂದ ಅವನು ಸೀಸೆ ಎಸೆದು ಬೋರಾಡಿ ಅತ್ತನೆಂದು ಬರೆದು ನಾನೂ ಅತ್ತೆ. ಪವಿತ್ರಾತ್ಮನೇ ಬರೆಸಿದನೆಂದುಕೊಂಡೆ. ಥೂ, ನನ್ನ ಜನ್ಮಕ್ಕಿಷ್ಟು! ಹೆಸರು ಹಾಕಲಿಲ್ಲವಲ್ಲ, ಯಾರಿಗೆ ಏನು ತೊಂದರೆ ಎಂದು ‘ಕರೂರಿನ ನೀರುಗಂಟಿಯ ಹೆಂಡತಿ’ ಎಂದಷ್ಟೇ ಹಾಕಿದೆ. ಕರೂರಿಗೆ ಇದ್ದವನು ಒಬ್ಬನೇ ನೀರುಗಂಟಿ. ಆ ಯೋಚನೆ ನನ್ನ ತಲೆಗೆ ಬರಲೇ ಇಲ್ಲ.

ಸಿರುಗುಪ್ಪದ ಉಪದೇಶಿ ಸಂತೆಯ ದಿನ ಪತ್ರಿಕೆಯನ್ನು ಹಿಗ್ಗಿನಿಂದ ಗಟ್ಟಿಯಾಗಿ ಓದಿದರು. ಸಂತೆಗೆ ಬಂದಿದ್ದ ಕರೂರಿನವರು ನಿಂತು ಕೇಳಿದರು. ಬಿಟ್ಟನೆಂದರೂ ಕುಡುಕ ಕುಡುಕನೇ, ಅವನ ಕೈಗೆ ಕಾಲುವೆಯ ತೂಬು ಕೊಟ್ಟು ಮಲಗುವುದು ಹೇಗೆ ಎಂದು ಊರಿನಲ್ಲಿ ಮಾತಾಯಿತು. ಸಸಿ ಹಚ್ಚುವ ಹೊತ್ತಿಗೆ ನೀರುಗಂಟಿಕೆ ಬೇರೆಯವನ ಪಾಲಾಯಿತು.

ಅವಳು ಬಳ್ಳಾರಿಯ ಅಚ್ಚುಕೂಟಕ್ಕೇ ಬಂದಳು, ಒಬ್ಬಳೇ. “ಅಣ್ಣಾ, ನನ್ನ ಗಂಡ ಕುಡಿತಾನಂತ ನಾ ಯಾವಾಗ ಹೇಳಿದ್ನಿ? ಅಂವ ನನ್ನ ಮ್ಯಾಲೆ ಒಂದು ದಿನ ಕೈ ಎತ್ತಿಲ್ಲ. ಈಗ ನಾ ಮಾಡಿದ ರೊಟ್ಟಿ ಮುಟ್ಟವಲ್ಲ. ಕೆಳಗ ನಿನ್ನ ಹೆಬ್ಬಟ್ಟು ಐತೆಲ್ಲ ಅಂತಾನ. ನಾ ಏನನ್ಲಿ?”

ತಪ್ಪಾಯಿತೆಂದು ಮುಂದಿನ ತಿಂಗಳೇ ಅಚ್ಚು ಹಾಕಿಸುತ್ತೇನೆಂದು ಮಾತು ಕೊಟ್ಟೆ. ಪತ್ರಿಕೆ ನೋಡಿಕೊಳ್ಳುತ್ತಿದ್ದ ಪಾದ್ರಿಗಳು ಒಪ್ಪಲಿಲ್ಲ. “ಆ ಸಾಕ್ಷಿ ಓದಿ ಎಷ್ಟೋ ಮಂದಿ ಕುಡಿಯೋದು ಬಿಟ್ಟಾರ ತಮ್ಮಾ. ಈಗ ಸುಳ್ಳು ಅಂದ್ರ ಅವರ ಗತಿ ಏನು? ನಿನ್ನ ಬರವಣಿಗಿ ದೇವರು ಬಳಸ್ಯಾನ, ಸುಮ್ನಿರು,” ಎಂದರು. ಅಯ್ಯನವರೇ, ಆ ಗಂಡಸಿನ ಗತಿ ಏನು ಎಂದು ಕೇಳಬೇಕಿತ್ತು. ಕೇಳುವ ಧೈರ್ಯ ಬರಲಿಲ್ಲ. ಹೊಗಳಿಕೆಯ ಆಸೆ ಇನ್ನೂ ಸತ್ತಿರಲಿಲ್ಲ, ನಾಚಿಕೆಗೆಟ್ಟದ್ದು.

ಒಂದು ತಿಂಗಳು ಹೇಗೋ ತಳ್ಳಿದೆ. ಆಮೇಲೆ ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಕರೂರಿಗೆ ನಡೆದೆ. ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ನಿಂತು ಹೇಳಿದೆ, ಅದೆಲ್ಲ ನಾನು ಕಟ್ಟಿದ ಕಥೆ, ನೀರುಗಂಟಿ ಕುಡಿಯುವವನಲ್ಲ, ಹೆಬ್ಬೆಟ್ಟು ಖಾಲಿ ಹಾಳೆಗೆ ಒತ್ತಿದ್ದು ಎಂದು.

ಒಬ್ಬ ಮುದುಕ ಎಲೆಅಡಿಕೆ ಉಗುಳಿ ಬಂದು ಕೂತ. “ಅಚ್ಚಾಗಿದ್ದು ಸುಳ್ಳಂತ, ಈ ಹುಡುಗ ಬಾಯಿಲೆ ಹೇಳಾದು ಖರೆ ಅಂತ. ಲೇ, ಆ ನೀರುಗಂಟಿ ಎಷ್ಟು ಕುಡಿಸಿ ಕರ್ಕೊಂಡು ಬಂದಾನಲೇ ನಿನ್ನ?” ಎಂದ. ಕಟ್ಟೆಗೆ ಕಟ್ಟೆಯೇ ಹೋ ಎಂದು ನಕ್ಕಿತು.

ಅವರ ಮನೆಗೆ ಹೋದೆ. ಅವನು ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ನಾನು ಕಾಲು ಹಿಡಿಯಲು ಬಗ್ಗಿದೆ. “ಬ್ಯಾಡ್ರಿ, ಏಳ್ರಿ. ಆತು, ಹೋಗ್ಲಿ ಬಿಡ್ರಿ,” ಎಂದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಚೊಂಬಿನಲ್ಲಿ ನೀರು ತರಿಸಿ ಕೊಟ್ಟು ಮತ್ತೆ ಹಗ್ಗ ಹಿಡಿದ.

ನೀರು ತಂದವಳು ಅವಳೇ. ಬಾಗಿಲ ಹತ್ತಿರ ನಿಂತೇ ಇದ್ದಳು. ಸಿಟ್ಟಿಲ್ಲದೆ, ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು:

“ಅಣ್ಣಾ, ಐತವಾರ ಪ್ರಾರ್ಥನಿ ಮನ್ಯಾಗ ನಮಗ ಓದಿ ಹೇಳ್ತಾರಲ್ಲ, ಆ ದೊಡ್ಡ ಪುಸ್ತಕ. ಅದನ್ನೂ ನಿಮ್ಮಂಥಾರ ಬರದಾರೇನು?”

“ಇಲ್ಲವ್ವಾ,” ಎಂದೆ. “ಅದು ಹಂಗಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಹೇಳಿದ್ದು ನಿಜವೇ ಆಗಿತ್ತು. ಅವಳು ನಂಬಲಿಲ್ಲ.