ತವನಪ್ಪನ ಕೊಪ್ಪರಿಗೆ, ಕಾಮಣ್ಣನ ಮೀನು

ಕಾಮಣ್ಣ ಮೀನು ಹಿಡಿಯುತ್ತಿದ್ದ ಎನ್ನುವವರು ಅವನ ಕೀರ್ತಿಗೆ ಅನ್ಯಾಯ ಮಾಡುತ್ತಾರೆ. ಮೀನು ಹಿಡಿಯುವವರು ಹೊಳೆಯ ಎರಡೂ ದಂಡೆಗೆ ಬೇಕಾದಷ್ಟು ಮಂದಿ ಇದ್ದಾರೆ. ಹಿಡಿದ ಮೀನನ್ನು ಸಂಜೆ ಹವಾ ತಿನ್ನಿಸಲು ಕರೆದೊಯ್ಯುತ್ತಿದ್ದವನು ಭೂಮಂಡಲದಲ್ಲಿ ಅವನೊಬ್ಬನೇ.

ಈ ಕಥೆಯನ್ನು ಕರೋಶಿಯಲ್ಲಿ ಹೇಳುವಾಗ ಅವನ ಹಿಂದೆ ಈಜುವ ಮೀನು ಹನ್ನೆರಡು. ಕಬ್ಬೂರು ಮುಟ್ಟುವಷ್ಟರಲ್ಲಿ ಅವು ನೂರಿಪ್ಪತ್ತಾಗಿ, ಅವಕ್ಕೊಬ್ಬ ದಳವಾಯಿಯೂ ನೇಮಕವಾಗಿರುತ್ತಾನೆ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಇದನ್ನೇ ಮರಾಠಿಯಲ್ಲಿ ಹೇಳುವವರು ದಳವಾಯಿ ಮೀನಿಗೆ ಗಿರಿಜಾ ಮೀಸೆ ಇಟ್ಟಿದ್ದಾರೆ. ಕಾಮಣ್ಣ ಶಿಳ್ಳೆ ಹಾಕಿದರೆ ಇಡೀ ದಂಡು ಎಡಕ್ಕೆ ಹೊರಳುತ್ತಿತ್ತಂತೆ, ಕೆಮ್ಮಿದರೆ ಬಲಕ್ಕೆ. ಒಮ್ಮೆ ಅವನಿಗೆ ನೆಗಡಿಯಾಗಿ ಪಾಪ ಮೀನುಗಳು ದಿಕ್ಕೆಟ್ಟು ಸಾಂಗ್ಲಿ ಸೇರಿದವು ಎಂದು ಪ್ರಮಾಣ ಮಾಡುವವರೂ ಇದ್ದಾರೆ.

ಕಣ್ಣಿಗೆ ಕಾಣುತ್ತಿದ್ದುದು ಇಷ್ಟು. ಕಲ್ಲೋಳದ ಕೆಳಗೆ ದೂಧಗಂಗೆ ಬಂದು ಕೃಷ್ಣೆಯನ್ನು ಕೂಡುವಲ್ಲಿ, ಹೊತ್ತಿಳಿಯುತ್ತಲೇ ಒಂದು ದೊಡ್ಡ ಕಬ್ಬಿಣದ ಕೊಪ್ಪರಿಗೆ ತೇಲಿ ಬರುತ್ತಿತ್ತು. ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡುವ ಕೊಪ್ಪರಿಗೆಯೇ. ಎಂಟಡಿ ಅಗಲ, ಮೊಣಕಾಲಿನವರೆಗೆ ಬರುವ ಅಂಚು. ಅದರ ನಡುಮಧ್ಯೆ ಉದ್ದನೆಯ ಬಿದಿರು ಹಿಡಿದು ನಿಂತ ಒಣಕಲು ಕಾಮಣ್ಣ. ಹಿಂದೆ ಎರಡು ಮಾರು ಹಗ್ಗದ ತುದಿಗೆ ಅರ್ಧ ಮುಳುಗಿದ ಒಂದು ಬುಟ್ಟಿ, ಬುಟ್ಟಿಯ ಬಾಯಿಗೆ ಬಲೆಯ ಚೂರು, ಒಳಗೆ ಆ ದಿನದ ಮೀನು ಜೀವಂತ. ಕೊಪ್ಪರಿಗೆಯಲ್ಲಿ ಹತ್ತು ಮಂದಿ ಕೂರುವಷ್ಟು ಜಾಗ ಖಾಲಿ ಇದ್ದರೂ ಮೀನಿಗೆ ಮಾತ್ರ ಒಳಗೆ ಪ್ರವೇಶವಿರಲಿಲ್ಲ. ಈ ಬಹಿಷ್ಕಾರಕ್ಕೆ ಕಾರಣ ತವನಪ್ಪ.

ತವನಪ್ಪ ನಮ್ಮೂರ ಜೈನ ರೈತ. ಕಬ್ಬಿತ್ತು, ಗಾಣವಿತ್ತು, ಬೆಲ್ಲ ಕುದಿಸುವ ಒಲೆಯಿತ್ತು. ನಾಲ್ಕೆಕರೆ ಹೊಲ ಮಾತ್ರ ಹೊಳೆಯಾಚೆ. ಎಂಬತ್ತಮೂರರಲ್ಲಿ ಆ ಹೊಲಕ್ಕೆ ಆಳುಗಳನ್ನು ದಾಟಿಸುವವನು ಬೇಕಾಗಿದ್ದ. ನಮ್ಮ ಕಡೆ ಹೊಳೆ ಬಂದಾಗ ಬೆಲ್ಲದ ಕೊಪ್ಪರಿಗೆಯಲ್ಲೇ ಜನ ದಾಟುವುದು ಹೊಸದಲ್ಲ. ಗಾಣದ ಹಂಗಾಮು ಮುಗಿದ ಮೇಲೆ ಅದು ಹೇಗೂ ಬೋರಲು ಬಿದ್ದಿರುತ್ತದೆ.

ಕಾಮಣ್ಣನಿಗೂ ಆಗ ನೀರಿನ ಮೇಲೆ ನಿಲ್ಲಲು ಏನಾದರೊಂದು ಬೇಕಾಗಿತ್ತು. ಮೊದಲು ಅವನಿಗೆ ಕಟ್ಟಿಗೆಯ ದೋಣಿ ಇತ್ತು. ಹೆಂಡತಿ ಹೊಳೆವ್ವ ಹುಟ್ಟು ಹಾಕುತ್ತಿದ್ದಳು, ಇವನು ಗಾಳ ಎಸೆಯುತ್ತಿದ್ದ. ಅವಳು ಮೂರು ದಿನದ ಜ್ವರದಲ್ಲಿ ಹೋದಳು. ಮಕ್ಕಳಿರಲಿಲ್ಲ. ತಿಂಗಳ ಮೇಲೆ ಇವನು ದೋಣಿ ಮಾರಿದ. ದೋಣಿಗೆ ಎರಡು ತುದಿ ಇರುತ್ತವೆ, ಒಂದರಲ್ಲಿ ಯಾರೂ ಇಲ್ಲದಿದ್ದರೆ ದೂರದಿಂದಲೇ ಕಾಣುತ್ತದೆ. ಕೊಪ್ಪರಿಗೆ ದುಂಡಗಿನದು. ಅದರಲ್ಲಿ ಯಾರ ಜಾಗ ಖಾಲಿ ಎಂದು ಗೊತ್ತಾಗುವುದಿಲ್ಲ.

ಇಬ್ಬರ ನಡುವಿನ ಕರಾರು ಒಲೆಯ ಮುಂದೆ, ನಿಂತ ನಿಲುವಿನಲ್ಲೇ ಆಯಿತು.

"ಕಾಮ್ಯಾ, ಆಳ ದಾಟಿಸಿದ ಮ್ಯಾಲ ನೀ ನೀರಾಗ ಏನ್ ಮಾಡ್ತಿ ನನಗ ಗೊತ್ತಿಲ್ಲ. ಗೊತ್ತಾಗೂದೂ ಬ್ಯಾಡ" ಎಂದ ತವನಪ್ಪ. "ಆದ್ರ ನನ್ನ ಕೊಪ್ಪರಿಗ್ಯಾಗ ಮೀನಿನ ಒಂದ ಮುಳ್ಳ ಸುದ್ದಾ ಬೀಳಬಾರ್ದು. ನಾಳೆ ಅದರಾಗ ಬೆಲ್ಲ ಕುದೀತೈತಿ."

"ಹೌದ್ರಿ ಮಾಲಕ್ರ."

"ನಿನ್ನ ಮಾತಿನ ಮ್ಯಾಲ ಬಿಡಾವಲ್ಲ ನಾ. ದಿನಾ ಸಂಜಿಕ ಬಂದು ಮೂಸಿ ನೋಡ್ತೀನಿ."

"ಮೂಸ್ರಿ ಮಾಲಕ್ರ, ನಿಮ್ಮ ಕೊಪ್ಪರಿಗಿ, ನಿಮ್ಮ ಮೂಗ."

ಅಂದಿನಿಂದ ಮೀನು ಹೊರಗೆ, ಕಾಮಣ್ಣ ಒಳಗೆ.

ಕೊಪ್ಪರಿಗೆಯಲ್ಲಿ ನಿಂತು ಗಾಳ ಹಾಕುವುದು ಸುಲಭವೆಂದು ತಿಳಿದು ಒಂದಿಬ್ಬರು ಹುರುಪಿನವರು ಹೊಳೆಯ ತಳ ನೋಡಿ ಬಂದಿದ್ದಾರೆ. ಅಂಚಿನ ಕಡೆ ಒಂದು ಹೆಜ್ಜೆ ಇಟ್ಟರೆ ಅದು ಆ ಕಡೆಗೇ ತಲೆಬಾಗುತ್ತದೆ. ನಟ್ಟನಡುವೆ ನಿಲ್ಲಬೇಕು, ದೊಡ್ಡ ಮೀನು ಸಿಕ್ಕಿತೆಂದರೆ ತಕ್ಷಣ ಮಂಡಿಯೂರಿ ಕೂರಬೇಕು, ಎಳೆಯಬಾರದು. ಮೀನು ಸುತ್ತಿದರೆ ಕೊಪ್ಪರಿಗೆ ಸುತ್ತುತ್ತದೆ, ಕೊಪ್ಪರಿಗೆಯೊಂದಿಗೆ ಕಾಮಣ್ಣನೂ ಸುತ್ತುತ್ತಾನೆ. ಮೊದಲು ಯಾರಿಗೆ ತಲೆ ತಿರುಗುತ್ತದೋ ಅವರು ಸೋತಂತೆ. ಮಂಡಿಯೂರಿದ ವೀರನನ್ನು ಗೆದ್ದ ಕಟ್ಲಾ ಮೀನು ನಮ್ಮ ಹೊಳೆಯಲ್ಲಿ ಹುಟ್ಟಿರಲಿಲ್ಲ.

ಜಾಗದ ಗುಟ್ಟೂ ಅವನಿಗೆ ಗೊತ್ತಿತ್ತು. ಎರಡು ಹೊಳೆಗಳ ನೀರು ಕೂಡಿದ ಕೂಡಲೇ ಬೆರೆಯುವುದಿಲ್ಲ. ಹೊಸ ಮಳೆ ಬಿದ್ದಾಗ ಕೃಷ್ಣೆ ಕೆಂಪು, ದೂಧಗಂಗೆ ಬೇರೆ ಬಣ್ಣ. ಫರ್ಲಾಂಗು ದೂರ ಪಕ್ಕಪಕ್ಕದಲ್ಲೇ ಸಾಗುತ್ತವೆ. ಅವುಗಳ ನಡುವಿನ ಗೆರೆಯಲ್ಲಿ ಮೀನು ಕಾಯುತ್ತದೆ. ಕಾಮಣ್ಣ ಸೆಳವಿಲ್ಲದ ಬದಿಯಲ್ಲಿ ಬಿದಿರು ಊರಿ ನಿಂತು ಗೆರೆಯ ಮೇಲೆಯೇ ಗಾಳ ಬಿಡುತ್ತಿದ್ದ. ನೈಲಾನ್ ದಾರ, ಭಾರಕ್ಕೆ ಸೈಕಲ್ಲಿನ ಹಳೆಯ ನಟ್ಟು, ತೇಲಲು ಜೋಳದ ದಂಟಿನ ಬೆಂಡು. ಸೇಂಗಾ ಹಿಂಡಿ, ಜೋಳದ ಹಿಟ್ಟು, ಒಂದು ಚೂರು ಬೆಲ್ಲ ಸೇರಿಸಿ ನಾದಿದ ಉಂಡೆ ಗಾಳಕ್ಕೆ. ಬೆಲ್ಲ ತವನಪ್ಪನದೇ. ಬಡವ ತಿನ್ನಲಿ ಎಂದು ಅವನು ವರ್ಷಕ್ಕೊಂದು ಅಚ್ಚು ಕೊಡುತ್ತಿದ್ದ. ಅದನ್ನು ಯಾರು ತಿಂದರೆಂದು ವಿಚಾರಿಸುವಷ್ಟು ಸಣ್ಣ ಮನುಷ್ಯ ಅವನಲ್ಲ.

ಸಂಜೆಯ ತಪಾಸಣೆ ನೋಡುವಂಥದ್ದು. ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಸೊಸೆಯಂದಿರು ಐದೂವರೆಗೆ ಉಣಿಸಿ ಕೈತೊಳೆದರೆ, ಮಲಗುವವರೆಗೆ ತವನಪ್ಪನ ಮುಂದೆ ಬಿತ್ತದ ಹೊಲದಷ್ಟು ಉದ್ದ ಸಂಜೆ ಬಿದ್ದಿರುತ್ತಿತ್ತು. ಮನೆ ತುಂಬ ಹದಿನಾಲ್ಕು ಮಂದಿ. ಟಿ.ವಿ. ಬಂದ ಮೇಲೆ ಆ ಹದಿನಾಲ್ಕೂ ಮುಖಗಳು ಒಂದೇ ಕಡೆ ತಿರುಗಿದವು, ಇವನಿಗೆ ಕಂಡದ್ದು ಬೆನ್ನುಗಳು. ಅವನು ಕೊಡೆ ತೆಗೆದುಕೊಂಡು ಹೊಳೆಗೆ ಬರುತ್ತಿದ್ದ. ಮಳೆ ಇರಲಿ ಬಿಡಲಿ, ದಂಡೆಗೆ ಬಂದೊಡನೆ ಕೊಡೆ ಬಿಚ್ಚಿ ಮೀನಿನ ಬುಟ್ಟಿಗೂ ತನ್ನ ಕಣ್ಣಿಗೂ ನಡುವೆ ಅಡ್ಡ ಹಿಡಿಯುತ್ತಿದ್ದ. ಕೊಡೆಯಾಚೆ ಹಿಂಸೆ, ಈಚೆ ಧರ್ಮ. ಆಮೇಲೆ ಬಗ್ಗಿ, ಕೊಪ್ಪರಿಗೆಯ ಅಂಚಿನ ಸುತ್ತ ಒಂದು ಸಲ ಮೂಸುತ್ತ ಹೋಗಿ, "ಹ್ಞೂಂ, ಅಡ್ಡಿಯಿಲ್ಲ" ಎನ್ನುತ್ತಿದ್ದ.

ಈ ಮೂಗಿನ ಬಗ್ಗೆ ಒಂದು ಮಾತು ಹೇಳಬೇಕು. ನಿಪ್ಪಾಣಿಯ ನಶ್ಯ ಮೂವತ್ತು ವರ್ಷ ಏರಿ ಏರಿ ಅದು ಮೂಗಿನ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಹಾಲು ಸೀದು ಮನೆ ತುಂಬ ಹೊಗೆಯಾದರೂ ತವನಪ್ಪ "ಮಂಜ ಬಿದ್ದೈತೇನು?" ಎಂದು ಕೇಳುತ್ತಿದ್ದ. ಊರಿಗೆಲ್ಲ ಗೊತ್ತಿತ್ತು. ಕಾಮಣ್ಣನಿಗೆ ಎರಡನೇ ವಾರವೇ ಗೊತ್ತಾಗಿತ್ತು. ಆದರೂ ಅವನು ದಿನಾಲು ಹುಣಸೆಹಣ್ಣು, ಬೂದಿ ಹಚ್ಚಿ ಕೊಪ್ಪರಿಗೆ ತಿಕ್ಕಿ, ತಪಾಸಣೆಗೆ ಸಿದ್ಧನಾಗಿ ಪಕ್ಕದಲ್ಲಿ ನಿಲ್ಲುತ್ತಿದ್ದ.

ಮೂಸಿದ ಮೇಲೆ ತವನಪ್ಪ ಕಲ್ಲಿನ ಮೇಲೆ ಕೂರುತ್ತಿದ್ದ.

"ನೀರ ಏರೈತಲ್ಲೋ."

"ನಾಕ ಬೆರಳ ಏರೈತ್ರಿ."

"ನಾಳೆ ಇಳೀತೈತಿ."

"ಇಳೀಬೌದ್ರಿ."

ಇದನ್ನು ಸಂಭಾಷಣೆ ಎನ್ನಬೇಕೋ ಬೇಡವೋ ನಾನರಿಯೆ. ಆದರೆ ಕಾಮಣ್ಣನಿಗೆ ದಿನದಲ್ಲಿ ಸಿಗುತ್ತಿದ್ದ ಮಾತು ಹೆಚ್ಚುಕಡಿಮೆ ಇಷ್ಟೇ. ಆಳುಗಳು ತಮ್ಮತಮ್ಮೊಳಗೆ ಹರಟುತ್ತ ದಾಟುತ್ತಿದ್ದರು. ಮೀನು ಒಯ್ದು ಮಾರುವ ರುಕ್ಮವ್ವ ಬುಟ್ಟಿ ಎತ್ತುವಾಗ ಒಂದು ಚುಚ್ಚು ಮಾತು ಬಿಟ್ಟು ಹೋಗುತ್ತಿದ್ದಳು: "ಏ ಕಾಮಣ್ಣ, ನಿಮ್ಮ ಮಾಲಕರ ಬೆಲ್ಲದಾಗ ನಿನ್ನೆ ನನಗ ಮುಳ್ಳ ಚುಚ್ಚಿತಲ್ಲೋ! ಯಾವ ಮೀನಿನ ಬೆಲ್ಲ ಅದು?" ಅವಳು ನಗುತ್ತ ದಿಬ್ಬ ಏರಿದಳೆಂದರೆ ಮತ್ತೆ ನೀರು, ಬಿದಿರು, ಅವನು.

ಕಾಮಣ್ಣನ ನಿಜವಾದ ಸತ್ವಪರೀಕ್ಷೆ ಗಾಣದ ಹಂಗಾಮಿನಲ್ಲಿ. ದೀಪಾವಳಿ ಮುಗಿಯುತ್ತಲೇ ನಾಲ್ಕು ಆಳು ಬಂದು ಕೊಪ್ಪರಿಗೆಯನ್ನು ಉರುಳಿಸಿಕೊಂಡು ಒಲೆಗೆ ಒಯ್ಯುತ್ತಿದ್ದರು. ನಾಲ್ಕು ತಿಂಗಳು ಅವನು ದಂಡೆಯ ಬೇಟೆಗಾರ. ಮೂರು ಬಿದಿರುಕೋಲು ಕೆಸರಿನಲ್ಲಿ ಊರಿ, ಪ್ರತಿಯೊಂದರ ತುದಿಗೂ ಎತ್ತಿನ ಕೊರಳಪಟ್ಟಿಯ ಒಂದೊಂದು ಗೆಜ್ಜೆ ಕಟ್ಟುತ್ತಿದ್ದ. ಒಂದೇ ಸಲ ಗಿಲ್ ಎಂದರೆ ಏಡಿ, ಏಳಬಾರದು. ಬಿಟ್ಟುಬಿಟ್ಟು ಎರಡು ಸಲವಾದರೆ ಸಣ್ಣ ಮೀನು ಉಂಡೆ ಕುಕ್ಕುತ್ತಿದೆ. ಬಿಡದೆ ಬಾರಿಸಿದರೆ ಓಡಬೇಕು. ಗೆಜ್ಜೆಯ ಭಾಷೆಯಲ್ಲಿ ಅವನು ಪಂಡಿತ. ಆದರೆ ಮೂಸಲು ಕೊಪ್ಪರಿಗೆ ಇಲ್ಲದ ಮೇಲೆ ತವನಪ್ಪ ಬರುವುದು ಯಾತಕ್ಕೆ? ಆ ನಾಲ್ಕು ತಿಂಗಳು ಕಾಮಣ್ಣ ಕೋಲುಗಳನ್ನು ನೋಡುವುದಕ್ಕಿಂತ ದಿಬ್ಬದ ಮೇಲಿನ ದಾರಿ ನೋಡುವುದೇ ಹೆಚ್ಚಾಗಿರುತ್ತಿತ್ತು. ಒಮ್ಮೊಮ್ಮೆ ಮೂರೂ ಗೆಜ್ಜೆ ಒಟ್ಟಿಗೆ ಬಾರಿಸಿದರೂ ಎದ್ದಿರುತ್ತಿರಲಿಲ್ಲ.

ತೊಂಬತ್ತೆರಡರಲ್ಲಿ ಗಾಣವೇ ನಿಂತಿತು. ಹಿರಿಯ ಮಗ ಭಾವುಸಾಹೇಬ ಕಬ್ಬನ್ನೆಲ್ಲ ಸಕ್ಕರೆ ಕಾರಖಾನೆಗೆ ಬರೆದುಕೊಟ್ಟ. ಅವನು ಒಳ್ಳೆಯ ಮನುಷ್ಯ. ತಾನೇ ಹೊಳೆಗೆ ಬಂದು ತಂದೆಯ ಎದುರಿಗೇ ಹೇಳಿದ:

"ಕಾಮಣ್ಣ, ಇನ್ನ ಮ್ಯಾಲ ಕೊಪ್ಪರಿಗಿ ನಿಂದ. ಬೆಲ್ಲ ಇಲ್ಲ, ಗಿಲ್ಲ ಇಲ್ಲ. ಮೀನ ಹಾಕು, ಏಡಿ ಹಾಕು, ಯಾರೂ ಕೇಳಂಗಿಲ್ಲ."

ಕಾಮಣ್ಣ ತವನಪ್ಪನನ್ನು ನೋಡಿದ. ತವನಪ್ಪ ಕೊಡೆ ಮಡಚಿದ.

"ಹ್ಞೂಂ. ಇನ್ನ ಮೂಸೂದ ಏನೈತಿ?" ಎಂದು ಮಗನ ಹಿಂದೆ ದಿಬ್ಬ ಏರಿದ.

ಎಂಟು ಸಂಜೆ ಯಾರೂ ಬರಲಿಲ್ಲ. ಹಂಗಾಮಿನಲ್ಲಾದರೆ ನಾಲ್ಕು ತಿಂಗಳ ಲೆಕ್ಕವಿತ್ತು, ಇದಕ್ಕೆ ಕೊನೆಯೇ ಇರಲಿಲ್ಲ. ರುಕ್ಮವ್ವನೇ ಬೈದಳು: "ಕೊಪ್ಪರಿಗಿ ನಿಂದಾದ ಮ್ಯಾಲೂ ಬುಟ್ಟಿ ಯಾಕ ಎಳದಾಡಾಕತ್ತೀಯೋ, ಹುಚ್ಚ? ರಾಜಾ ಆಗೀಯಲ್ಲೋ ಈಗ!" ರಾಜ ಕೊಪ್ಪರಿಗೆ ತಿಕ್ಕುತ್ತಿದ್ದ. ತಿಕ್ಕಿ ಪಕ್ಕದಲ್ಲಿ ನಿಂತು, ಕತ್ತಲಾದ ಮೇಲೆ ಕೂರುತ್ತಿದ್ದ.

ಒಂಬತ್ತನೆಯ ದಿನ ಮೂರು ಸೇರು ತೂಕದ ಒಂದು ಕಟ್ಲಾ ಸಿಕ್ಕಿತು. ಕಾಮಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದ ಎಂದು ಆಚೆ ದಂಡೆಯ ಆಳುಗಳು ಹೇಳಿದರು. ಆಮೇಲೆ ಅದನ್ನು ಕೊಪ್ಪರಿಗೆಯೊಳಗೆ ಬಿಟ್ಟ. ಒಂಬತ್ತು ವರ್ಷದಲ್ಲಿ ಮೊದಲ ಸಲ! ಕಬ್ಬಿಣದ ಮೇಲೆ ಮೀನು ಬಡಿದುಕೊಂಡ ಸಪ್ಪಳ ರಣಭೇರಿಯಂತೆ ಎರಡೂ ಹೊಳೆಗೆ ಕೇಳಿಸಿತು. ಕಾಮಣ್ಣ ದಂಡೆ ಮುಟ್ಟಿ, ಒದ್ದೆ ಧೋತರದಲ್ಲೇ ತವನಪ್ಪನ ಮನೆಯ ಬಾಗಿಲಿಗೆ ಹೋಗಿ ನಿಂತ.

ಒಳಗೆ ಟಿ.ವಿ. ನಡೆದಿತ್ತು. ಭಾವುಸಾಹೇಬ ಕತ್ತು ತಿರುಗಿಸಿದ.

"ಏನೋ ಕಾಮಣ್ಣ?"

"ಮಾಲಕರಿಗೆ ಹೇಳೂದಿತ್ರಿ. ಕೊಪ್ಪರಿಗ್ಯಾಗ ಮೀನ ಬಿದ್ದೈತಿ."

"ಬಿದ್ರ ಬೀಳ್ಲಿ ಬಿಡೋ ಮಾರಾಯಾ! ಅದು ನಿಂದಲ್ಲೇನ?"

ಹಿಂದಿನ ಕೋಣೆಯಿಂದ ಗುಡುಗು ಕೇಳಿತು.

"ಯಾವನೋ ಅವ, ನನ್ನ ಕೊಪ್ಪರಿಗ್ಯಾಗ ಮೀನ ಹಾಕಿದಾವ?"

ಹದಿನಾಲ್ಕು ಮುಖಗಳೂ ಒಮ್ಮೆಲೇ ಹಿಂದೆ ತಿರುಗಿದವು. ತವನಪ್ಪ ಕೊಡೆ ಹಿಡಿದು ಹೊರಗೆ ಬಂದ. ಎಪ್ಪತ್ತರ ಮುದುಕ ಅಷ್ಟು ಬಿರುಸಾಗಿ ನಡೆದದ್ದನ್ನು ಆ ಓಣಿ ಹಿಂದೆಂದೂ ಕಂಡಿರಲಿಲ್ಲ. ದಾರಿಯುದ್ದಕ್ಕೂ ಬೈಗುಳ. ಕಾಮಣ್ಣ ತಲೆ ತಗ್ಗಿಸಿ ಹಿಂದೆ ಹಿಂದೆ. ದಂಡೆಗೆ ಬಂದು, ಕೊಡೆ ಬಿಚ್ಚಿ, ಕಾಮಣ್ಣ ಮೀನನ್ನು ಎತ್ತಿ ಬುಟ್ಟಿಗೆ ಹಾಕುವವರೆಗೆ ಮುಖ ತಿರುಗಿಸಿ ನಿಂತು, ತವನಪ್ಪ ಅಂಚಿಗೆ ಮೂಗಿಟ್ಟ. ಮೂವತ್ತೊಂಬತ್ತು ವರ್ಷದ ನಶ್ಯ ಕುಡಿದ ಆ ಮೂಗು ಒಮ್ಮೆ ದೀರ್ಘವಾಗಿ ಉಸಿರೆಳೆಯಿತು.

"ಥೂ! ಗಬ್ಬ ನಾರಾಕತ್ತೈತಿ!"

"ಹೌದ್ರಿ ಮಾಲಕ್ರ."

"ಹುಣಸಿಹಣ್ಣ ಹಚ್ಚಿ ತಿಕ್ಕು. ನಾಳೆ ಬಂದು ನೋಡ್ತೀನಿ."

"ಬರ್ರಿ ಮಾಲಕ್ರ."

ಮರುದಿನ ತವನಪ್ಪ ಬಂದು ಮೂಸಿ, "ಇನ್ನೂ ಸ್ವಲ್ಪ ಐತಿ" ಎಂದ. ಅದರ ಮರುದಿನವೂ ಸ್ವಲ್ಪ ಇತ್ತು. ಮೀನಿನ ನಾತ ಎಷ್ಟು ದಿನ ಉಳಿಯುತ್ತದೆ ಎಂದು ತಿಳಿದವರನ್ನು ಕೇಳಿದರೆ ಎರಡು ದಿನ, ಹೆಚ್ಚೆಂದರೆ ಮೂರು ಎನ್ನುತ್ತಾರೆ. ಆ ಒಂದು ಕಟ್ಲಾದ ನಾತ ನಾಲ್ಕು ವರ್ಷವಾದರೂ ಹೋಗಿರಲಿಲ್ಲ. ಈಗ ಹಂಗಾಮಿನ ರಜೆಯೂ ಇಲ್ಲ. ಚಳಿಯಿರಲಿ ಬಿಸಿಲಿರಲಿ, ಮುದುಕ ಬರುತ್ತಿದ್ದ, ಮೂಸುತ್ತಿದ್ದ, ಉಗಿದು, ಕಲ್ಲಿನ ಮೇಲೆ ಕೂತು, ನೀರು ಎಷ್ಟು ಬೆರಳು ಇಳಿಯಿತೆಂದು ವಿಚಾರಿಸುತ್ತಿದ್ದ.

ಇಷ್ಟಾದ ಮೇಲೆ ಊರು ಸುಮ್ಮನಿರುತ್ತದೆಯೆ? ಕಾಮಣ್ಣ ಜೈನ ಮುನಿಯೊಬ್ಬರಿಂದ ಗುಟ್ಟಾಗಿ ವ್ರತ ತೆಗೆದುಕೊಂಡಿದ್ದಾನೆ ಎಂದರು ಒಬ್ಬರು. ಕೊಟ್ಟ ಮಾತಿಗೆ ತಪ್ಪಿ ಒಂದು ಮೀನು ಹಾಕಿದ್ದಕ್ಕೆ ಹನ್ನೆರಡು ವರ್ಷದ ಪ್ರಾಯಶ್ಚಿತ್ತ ನಡೆಸಿದ್ದಾನೆ ಎಂದರು ಇನ್ನೊಬ್ಬರು. ನನಗೆ ಎರಡನೆಯದು ಹೆಚ್ಚು ಹಿಡಿಸಿತು. ತೊಂಬತ್ತಾರರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಕಾಮಣ್ಣ ದಂಡೆಯಲ್ಲಿ ಮಂಡಿಯೂರಿ ಹುಣಸೆಹಣ್ಣಿನಿಂದ ಕೊಪ್ಪರಿಗೆ ತಿಕ್ಕುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತೆ. ಸತ್ಯ, ವಚನ, ಅಹಿಂಸೆ ಮೂರನ್ನೂ ಒಂದೇ ವಾಕ್ಯದಲ್ಲಿ ಹೊಂದಿಸಿ, ಬೆಲ್ಲ ಕುದಿಯದ ಕೊಪ್ಪರಿಗೆಯನ್ನು ಇಷ್ಟು ವರ್ಷ ತೊಳೆಯುತ್ತ ಬಂದ ಈ ಮಹಾವ್ರತದ ಮರ್ಮವೇನು ಎಂದು ಕೇಳಿದೆ.

ಕಾಮಣ್ಣ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ತೊಳೀಲಿಲ್ಲಂದ್ರ ಮಾಲಕ್ರು ಏನ್ ನೋಡಾಕ ಬರಬೇಕ್ರಿ?"