ಮಂಗ ಸತ್ತರೆ ಸೂತಕವೇ?

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದ ಮೇಲೆ, ಮನುಷ್ಯ ಹೇಗೆ ಮನುಷ್ಯನಾದ ಎಂಬುದರ ಬಗ್ಗೆ ಊರೂರಲ್ಲಿ ಮಾತಾಡಲು ಹೊರಟೆ. ಮೊದಮೊದಲು ಯಾರೂ ಕರೆದಿರಲಿಲ್ಲ, ನಾನೇ ಕೇಳಿಕೊಂಡು ಹೋಗುತ್ತಿದ್ದೆ. ಪಠ್ಯದಲ್ಲಿ ಆ ಅಧ್ಯಾಯ ಯಾವಾಗಲೂ ಕೊನೆಗೆ ಬರುತ್ತಿತ್ತು. ಪರೀಕ್ಷೆ ಹತ್ತಿರವಾದ ಗಡಿಬಿಡಿಯಲ್ಲಿ ವರ್ಷವರ್ಷವೂ ಅದನ್ನು ಓಡಿಸಿ ಮುಗಿಸಿದ್ದೆ. ಆ ಕೊರತೆ ಮನಸ್ಸಿನಲ್ಲಿ ಉಳಿದಿತ್ತು. ಪ್ಲಾಸ್ಟರಿನ ನಾಲ್ಕು ತಲೆಬುರುಡೆಗಳನ್ನು ಹಳೆಯ ಬೈರಾಸು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಸಾಗರದಲ್ಲಿ ಬಸ್ಸು ಹತ್ತುತ್ತಿದ್ದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಶಾಲೆಗಳು, ಸೊಸೈಟಿಯ ಸಭಾಂಗಣಗಳು, ಎಲ್ಲಿ ಹತ್ತು ಜನ ಕೂರುತ್ತಾರೋ ಅಲ್ಲಿ.

ಜಗಳ ಆಗುತ್ತದೆಂದು ಹಲವರು ಹೆದರಿಸಿದ್ದರು. ಅಂಥದ್ದೇನೂ ಆಗಲಿಲ್ಲ. ತೀರ್ಥಹಳ್ಳಿಯಲ್ಲಿ ಪೂಜೆಯ ಮನೆತನದ ಹಿರಿಯರೊಬ್ಬರು ಕೊನೆಯವರೆಗೆ ಕೂತು ಕೇಳಿ, ಆಮೇಲೆ ಹತ್ತಿರ ಬಂದು, ಬುರುಡೆ ಇಟ್ಟ ಚೀಲದಲ್ಲೇ ಊಟದ ಡಬ್ಬಿಯನ್ನೂ ಇಟ್ಟಿದ್ದೀರಲ್ಲ, ಸರಿಯಾ ಎಂದು ಕೇಳಿದರು. ಅವರ ತಕರಾರು ಅಷ್ಟೇ.

ಹೊಸನಗರದಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಶಾಲೆಯಲ್ಲಿ, ದೀಪಾವಳಿ ಕಳೆದ ಮೇಲಿನ ಒಂದು ಶನಿವಾರ ಮಧ್ಯಾಹ್ನ ನನ್ನ ಭಾಷಣವಿತ್ತು. ಶಾಲೆಯ ಮುಖ್ಯೋಪಾಧ್ಯಾಯಿನಿ ನನ್ನ ಹಳೆಯ ವಿದ್ಯಾರ್ಥಿನಿ, ಅವರೇ ಕರೆಸಿದ್ದರು. ಮಕ್ಕಳಿಗಿಂತ ಹೆಚ್ಚಾಗಿ ಊರಿನವರೇ ಸೇರಿದ್ದರು. ಮನುಷ್ಯ ಮಂಗನಿಂದ ಬಂದಿದ್ದರೆ ಈಗಿನ ಮಂಗಗಳು ಯಾಕೆ ಮನುಷ್ಯರಾಗುತ್ತಿಲ್ಲ ಎಂಬ ಪ್ರಶ್ನೆ ಅಲ್ಲಿಯೂ ಬಂತು. ಅದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರವಿತ್ತು. ಮಂಗ ನಮ್ಮ ಅಜ್ಜ ಅಲ್ಲ, ದಾಯಾದಿ. ಕೋಟಿಗಟ್ಟಲೆ ವರ್ಷಗಳ ಹಿಂದೆ ಎರಡೂ ಒಂದೇ ಮನೆ, ಆಮೇಲೆ ಹಿಸೆಯಾಯಿತು, ಅವರು ಮರದ ಮೇಲೆ ಉಳಿದರು, ನಾವು ಕೆಳಗೆ ಇಳಿದೆವು. ಹಿಸೆ ಎಂದ ಕೂಡಲೇ ಜನ ನಗುತ್ತಿದ್ದರು, ಅಲ್ಲೂ ನಕ್ಕರು.

ಆಗ ಬಾಗಿಲ ಹತ್ತಿರ ನಿಂತಿದ್ದ ಹೆಂಗಸೊಬ್ಬರು ಮಾತಾಡಿದರು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು, ಐವತ್ತರ ಹತ್ತಿರದ ವಯಸ್ಸು. ಪಾತ್ರೆ ತೊಳೆದು ಬಂದಿದ್ದರು, ಕೈ ಇನ್ನೂ ಒದ್ದೆಯಿತ್ತು.

"ಹಂಗಾರೆ ಮಂಗ ಸತ್ರೆ ನಮಗೆ ಸೂತಕ ಇರ್ತದಾ ಮೇಷ್ಟ್ರೇ?"

ಸಭೆಯೆಲ್ಲ ಗೊಳ್ಳೆಂದಿತು. ನಾನೂ ನಗುತ್ತಲೇ, "ನ್ಯಾಯವಾಗಿ ನೋಡಿದ್ರೆ ಇರ್ಬೇಕು ನೋಡಿ" ಎಂದೆ. ಇನ್ನಷ್ಟು ನಗು. ಅವರು ಮಾತ್ರ ನಗಲಿಲ್ಲ. ಕೇಳಬೇಕಾದ್ದನ್ನು ಕೇಳಿ ತಿಳಿದುಕೊಂಡವರಂತೆ ತಲೆಯಾಡಿಸಿ ಒಳಗೆ ಹೋದರು. ಆಮೇಲೆ ಕಾರ್ಗಲ್‌ನಲ್ಲಿ, ತಾಳಗುಪ್ಪದಲ್ಲಿ, ಹೋದಲ್ಲೆಲ್ಲ ಆ ಪ್ರಶ್ನೆಯನ್ನು ನಾನು ತಮಾಷೆಯಾಗಿ ಹೇಳಿ ಜನರನ್ನು ನಗಿಸಿದೆ. ಭಾಷಣಕ್ಕೆ ಒಳ್ಳೆಯ ಸರಕು ಸಿಕ್ಕಿತೆಂದು ಖುಷಿಪಟ್ಟಿದ್ದೆ.

ನಮ್ಮ ಕಡೆ ಚಳಿ ಹಿಡಿದ ಮೇಲೆ ಮಳೆ ಬೀಳುವ ತನಕ ಮಂಗನ ಕಾಯಿಲೆಯ ಕಾಲ. ಕಾಡಿನ ತರಗೆಲೆಯಲ್ಲಿರುವ ಉಣುಗು ಎಂಬ ಸಣ್ಣ ಹುಳು ಮಂಗನನ್ನೂ ಕಚ್ಚುತ್ತದೆ, ಮನುಷ್ಯನನ್ನೂ ಕಚ್ಚುತ್ತದೆ. ಜ್ವರ ಇಬ್ಬರಿಗೂ ಒಂದೇ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ನೆಲದಲ್ಲಿ ಹರಡಿಕೊಳ್ಳುತ್ತವೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ತಿಳಿಸಿ ಎಂದು ಪ್ರತಿ ಪಂಚಾಯಿತಿಯ ಗೋಡೆಯ ಮೇಲೂ ಚೀಟಿ ಅಂಟಿಸಿರುತ್ತಾರೆ. ನನ್ನ ಭಾಷಣದಲ್ಲಿ ಇದರ ಬಗ್ಗೆ ಒಂದು ಮಾತೂ ಇರಲಿಲ್ಲ. ಅದು ಆರೋಗ್ಯ ಇಲಾಖೆಯವರ ಕೆಲಸ, ನನ್ನದು ಕೋಟ್ಯಂತರ ವರ್ಷಗಳ ವಿಷಯ ಎಂದುಕೊಂಡಿದ್ದೆ.

ಸಂಕ್ರಾಂತಿ ಕಳೆದು ಕೆಲವು ವಾರಗಳಾಗಿದ್ದವು. ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದರು. ಅವತ್ತು ಸೂತಕದ ಮಾತು ಕೇಳಿದ್ದ ಅಡುಗೆಯವರಿಗೆ ಜ್ವರ, ರಕ್ತ ಪರೀಕ್ಷೆಗೆ ಕಳಿಸಿದ್ದಾರೆ, ಮಂಗನ ಕಾಯಿಲೆ ಇರಬಹುದು ಎಂದರು. ಆ ಅಡುಗೆಯವರು ಶಾಲೆಯ ಹಿಂದೆ ಸತ್ತು ಬಿದ್ದಿದ್ದ ಮಂಗವನ್ನು ಮಣ್ಣು ಮಾಡಿದ್ದರಂತೆ ಎಂಬುದನ್ನೂ ಹೇಳಿದರು. ನಾನು ಗುಣವಾಗುತ್ತದೆ ಬಿಡಿ, ಬಹಳ ಜನಕ್ಕೆ ಗುಣವಾಗಿದೆ ಎಂದೆ. ಹೋಗಿ ನೋಡಬೇಕೆಂದು ಅನ್ನಿಸಿತು. ಇವತ್ತು ನಾಳೆ ಎಂದು ದಿನ ತಳ್ಳಿದೆ. ಹೋದರೆ ಅವರು ಏನಾದರೂ ಹೇಳಿಯಾರು ಎಂಬ ಹೆದರಿಕೆಯಿತ್ತು. ಎರಡನೆಯ ಸಲ ಫೋನ್ ಬಂದಾಗ ಅಡುಗೆಯವರು ತೀರಿಹೋಗಿದ್ದರು. ಕರಾವಳಿಯ ದೊಡ್ಡಾಸ್ಪತ್ರೆಗೆ ಒಯ್ದಿದ್ದರು, ಮೂಗು ಬಾಯಲ್ಲಿ ರಕ್ತ ಬಂದಿತ್ತಂತೆ.

ಹದಿಮೂರು ದಿನ ಕಳೆದ ಮೇಲೆ ಅವರ ಮನೆಗೆ ಹೋದೆ. ಗಂಡ ಒಬ್ಬರೇ ಇದ್ದರು. ಒಂದು ಕಾಲಕ್ಕೆ ಗೇಣಿ ಮಾಡಿಕೊಂಡಿದ್ದ ಮನೆತನ, ಈಗ ಸ್ವಂತದ ಸ್ವಲ್ಪ ಗದ್ದೆ. ನಾನು ಯಾರೆಂದು ಹೇಳಿದೆ. ಗೊತ್ತಾಯಿತು ಎಂದು ಬೆಂಚು ತೋರಿಸಿದರು, ನೀರು ತಂದಿಟ್ಟರು. ಕೇಳದೆಯೇ ಎಲ್ಲ ಹೇಳಿದರು.

ಆವತ್ತು ಶಾಲೆ ಬಿಟ್ಟ ಮೇಲೆ ಹಲಸಿನ ಮರದ ಬುಡದಲ್ಲಿ ಕಪ್ಪು ಮೋರೆಯ ಮಂಗ, ಮುಸುವ, ಸತ್ತು ಬಿದ್ದಿದ್ದನ್ನು ಅವರ ಹೆಂಡತಿ ಕಂಡಿದ್ದರು. ಗೋಡೆಯ ಚೀಟಿಯಲ್ಲಿ ಇದ್ದಂತೆ ಆಶಾ ಕಾರ್ಯಕರ್ತೆಗೆ ಫೋನೂ ಮಾಡಿದ್ದರು. ಇಲಾಖೆಯವರು ಬೆಳಿಗ್ಗೆ ಬರುತ್ತಾರೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಆಕೆ ಹೇಳಿದ್ದೂ ಆಯಿತು. ಅಷ್ಟರಲ್ಲಿ ನಾಯಿಗಳು ಬಂದವು. ಎರಡು ಸಲ ಕಲ್ಲು ಹೊಡೆದು ಓಡಿಸಿದರು, ಮತ್ತೆ ಬಂದವು. ಮನೆಗೆ ಬಂದು ಗುದ್ದಲಿ ತೆಗೆದುಕೊಂಡು ಹೋಗಿ ಗುಂಡಿ ತೋಡಿದರು. ಅದರ ಬಾಯಿಗೆ ತುಳಸಿ ನೀರು ಬಿಟ್ಟು ಮಣ್ಣು ಮುಚ್ಚಿ, ಮನೆಗೆ ಬಂದು ತಲೆಗೆ ಸ್ನಾನ ಮಾಡಿದರು. ಆ ಸಂಜೆ ದೇವರ ಮುಂದೆ ದೀಪ ಹಚ್ಚಲಿಲ್ಲ. ಯಾಕೆಂದು ಗಂಡ ಕೇಳಿದರೆ, ಸೂತಕ, ಮೇಷ್ಟ್ರು ಹೇಳಿದ್ರಲ್ಲ ಎಂದಿದ್ದರು. ಗಂಡ ನಕ್ಕಿದ್ದರು. ಆರನೆಯ ದಿನಕ್ಕೆ ಜ್ವರ ಬಂತು.

"ನಾನು ಅದನ್ನ ತಮಾಷೆಗೆ ಹೇಳಿದ್ದೆ" ಎಂದೆ.

"ಅವ್ಳು ತಮಾಷೆಗೆ ಕೇಳಿರ್ಲಿಲ್ಲ ಮೇಷ್ಟ್ರೇ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನನ್ನೇ ಸಮಾಧಾನ ಮಾಡುವಂತೆ ಮಾತಾಡಿದರು. ಕೊಟ್ಟಿಗೆಗೆ ಹಾಸಲು ತರಗು ತರಲು ಅವಳು ದಿನವೂ ಕಾಡಿಗೆ ಹೋಗುತ್ತಿದ್ದಳು, ಅಲ್ಲೂ ಉಣುಗು ಇದ್ದದ್ದೇ, ಯಾವುದು ಕಚ್ಚಿತೋ ಡಾಕ್ಟರೂ ಹೇಳಲಾರರು ಎಂದರು. ಆಮೇಲೆ ನೇರವಾಗಿ ನನ್ನ ಮುಖ ನೋಡಿ ಕೇಳಿದರು.

"ದಾಯಾದಿ ಅಂದಿದ್ದು ನಿಜಾನಾ?"

"ನಿಜ" ಎಂದೆ.

"ಹಂಗಾರೆ ಅವ್ಳು ಮಾಡಿದ್ದು ತಪ್ಪಲ್ಲ."

ತಪ್ಪಲ್ಲ ಎಂದರೆ ನಾಳೆ ಈ ಊರಿನಲ್ಲಿ ಇನ್ನೊಬ್ಬರು ಗುದ್ದಲಿ ಹಿಡಿದು ಹೋದಾರು. ತಪ್ಪು ಎಂದರೆ, ಹೆಂಡತಿ ಕಳೆದುಕೊಂಡ ಮನುಷ್ಯನ ಎದುರು ಅವಳನ್ನು ತಿಳಿಗೇಡಿ ಎಂದಂತೆ. ಅವರು ತಂದಿಟ್ಟಿದ್ದ ನೀರನ್ನು ಎತ್ತಿ ಕುಡಿದೆ. ಬಸ್ಸಿನ ಹೊತ್ತಾಯಿತೆಂದು ಅವರೇ ಎಬ್ಬಿಸಿ ಕಳಿಸಿದರು. ದಾರಿಯುದ್ದಕ್ಕೂ ಆ ತರಗಿನ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ತರಗು ತರುವಾಗಲೇ ಕಚ್ಚಿರಬೇಕು ಎಂದು. ಸಾಗರದಲ್ಲಿ ಇಳಿಯುವ ಹೊತ್ತಿಗೆ ಹಾಗೆ ಹಿಡಿದುಕೊಂಡದ್ದಕ್ಕೇ ನಾಚಿಕೆಯಾಯಿತು.

ಒಂದು ವರ್ಷ ಎಲ್ಲಿಯೂ ಮಾತಾಡಲಿಲ್ಲ. ಮಂಡಿನೋವು ಎಂದು ಹೇಳಿ ತಪ್ಪಿಸಿಕೊಂಡೆ. ಮುಂದಿನ ಚಳಿಗಾಲದಲ್ಲಿ ಹೊಸನಗರದ ಒಂದು ಕಾಲೇಜಿನವರು ಬಿಡದೆ ಕರೆದಾಗ ಒಪ್ಪಿದೆ. ಈ ಸಲ ಮೊದಲ ಅರ್ಧ ಗಂಟೆ ಉಣುಗಿನ ಬಗ್ಗೆಯೇ ಮಾತಾಡಿದೆ. ಸತ್ತ ಮಂಗದ ಹತ್ತಿರ ಹೋಗಬೇಡಿ, ನಾಯಿ ಎಳೆದರೂ ಹೋಗಬೇಡಿ, ಅದು ನಿರ್ದಯ ಅನ್ನಿಸುತ್ತದೆ, ಆದರೂ ಹೋಗಬೇಡಿ ಎಂದೆ. ಅವರು ನಮ್ಮ ದಾಯಾದಿಗಳು ಎಂಬುದನ್ನೂ ಹೇಳಿದೆ, ಅದು ಸುಳ್ಳಲ್ಲವಲ್ಲ. ಒಡಹುಟ್ಟಿದ ಮೈ ಆದ್ದರಿಂದಲೇ ಅವರ ರೋಗ ನಮಗೆ ಹತ್ತುತ್ತದೆ ಎಂದೆ. ಮಂಗ ಸತ್ತರೆ ಸೂತಕವೇ ಎಂದು ಒಬ್ಬ ಹೆಂಗಸು ಒಮ್ಮೆ ಕೇಳಿದ್ದರು, ನಾನು ನಕ್ಕುಬಿಟ್ಟೆ, ನಗಬಾರದಿತ್ತು ಎಂದೂ ಹೇಳಿದೆ. ಯಾವ ಊರು, ಯಾರು ಎಂದು ಹೇಳಲಿಲ್ಲ.

ಹಾಗೆ ಹೇಳುವಾಗ ಕೊನೆಯ ಸಾಲಿನಲ್ಲಿ ಅವರ ಗಂಡ ಕೂತಿರುವುದು ಕಂಡಿತು. ಬಿಳಿ ಅಂಗಿ, ತೊಡೆಯ ಮೇಲೆ ಒಂದು ಪ್ಲಾಸ್ಟಿಕ್ ಕವರು. ಕಣ್ಣು ತಪ್ಪಿಸದೆ ನೋಡುತ್ತಿದ್ದರು. ನನ್ನ ಮಾತು ಎರಡು ಮೂರು ಸಲ ತಡವರಿಸಿತು. ಮುಗಿದ ಮೇಲೆ ಸಂಘಟಕರೊಬ್ಬರು ಬಂದು, ಚೆನ್ನಾಗಿತ್ತು, ಸ್ವಲ್ಪ ಭಾರವಾಯಿತು ಸಾರ್, ಹುಡುಗರಿಗೆ ಬುರುಡೆ ನೋಡುವ ಆಸೆಯಿತ್ತು ಎಂದರು. ಅವರಿಂದ ಬಿಡಿಸಿಕೊಂಡು ಹಿಂದಕ್ಕೆ ಹೋಗುವಷ್ಟರಲ್ಲಿ ಆ ಕುರ್ಚಿ ಖಾಲಿಯಾಗಿತ್ತು. ಗೇಟಿನವರೆಗೂ ಹೋಗಿ ನೋಡಿದೆ, ಇರಲಿಲ್ಲ.

ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ ವಿಚಾರಿಸಿದೆ. ರೇಷನ್ ಕಾರ್ಡಿನಿಂದ ಹೆಂಡತಿಯ ಹೆಸರು ತೆಗೆಸಲು ಆವತ್ತು ತಾಲ್ಲೂಕು ಕಚೇರಿಗೆ ಬಂದಿದ್ದರಂತೆ. ಕಾಲೇಜಿನ ಗೇಟಿನ ಬೋರ್ಡಿನಲ್ಲಿ ಭಾಷಣದ ವಿಷಯ ನೋಡಿ ಒಳಗೆ ಬಂದು ಕೂತಿದ್ದರಂತೆ. ಅಲ್ಲಿ ಕೇಳಿದ್ದು ಹೇಗಿತ್ತೆಂದು ಮಾತ್ರ ಊರಿನಲ್ಲಿ ಯಾರ ಹತ್ತಿರವೂ ಏನೂ ಹೇಳಿಲ್ಲ ಎಂದರು.