ಶರಬತ್ತಿಗೆಂದು ಕಟ್ಟಿದ ಕಸಿ

ನನ್ನ ತಲೆಗೆ ಏನಾದರೂ ಹೊಕ್ಕಿತೆಂದರೆ ಮುಗಿಯಿತು, ಮನೆಯವರು ಹೇಳಿದರೂ ಕೇಳುವವನಲ್ಲ. ಗದಗ ಹೊಸ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಡೋಣಿಯ ನಮ್ಮ ಹೊಲದಲ್ಲಿ ಮಸ್ಕಟ್ ಎಂಬ ಬಿಳಿ ದ್ರಾಕ್ಷಿ ಬೆಳೆಯುವ ಹುಚ್ಚು ಹತ್ತಿತು. ಹಣ್ಣು ಸಣ್ಣದು, ಬೀಜ ಜಾಸ್ತಿ, ಆದರೆ ಮಾಗಿದಾಗ ಗುಲಾಬಿಯ ಹಾಗೆ ಘಮ್ಮೆನ್ನುತ್ತದೆ. ಕೊಳ್ಳುವವರು ವೈನ್ ಮಾಡುವವರು.

ಕಾಡುದ್ರಾಕ್ಷಿಯ ಗಿಡ ನೆಟ್ಟು ಬೆಳೆಸಿದ್ದಾಗಿತ್ತು. ಅದಕ್ಕೆ ಮಸ್ಕಟ್ ಕಡ್ಡಿಯ ಕಸಿ ಕಟ್ಟಬೇಕಿತ್ತು. ಆ ಕೆಲಸದಲ್ಲಿ ಪಳಗಿದ ಕೈ ಎಂದರೆ ಲಕ್ಷ್ಮೇಶ್ವರದವರೊಬ್ಬರದು. ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯ. ನನಗಿಂತ ಹಿರಿಯರು, ಅಣ್ಣಾ ಎನ್ನುತ್ತಿದ್ದೆ.

ಕಡ್ಡಿಯನ್ನು ತಿರುಗಿಸಿ ನೋಡಿ ಕೇಳಿದರು: "ಗೌಡ್ರ, ಇದು ತಿನ್ನೋ ಜಾತಿ ಅಲ್ಲ ಅನಸ್ತೈತಿ. ಏನ್ ಮಾಡ್ತೀರಿ ಇದನ್ನ?"

"ಶರಬತ್ತಿಗೆ ಹೋಗತೈತಿ ಅಣ್ಣಾ."

ನಿಜ ಹೇಳಿದ್ದರೆ ಅವರು ಚೀಲ ಹೆಗಲಿಗೇರಿಸಿ ಬಸ್ ಹತ್ತುತ್ತಿದ್ದರು. ಕಸಿಯ ಹಂಗಾಮು ತಪ್ಪಿದರೆ ನನಗೊಂದು ವರ್ಷ ಹಾಳು. ಅಷ್ಟಕ್ಕೇ ಸುಳ್ಳು ಹೇಳಿದೆ.

ಕೆತ್ತಿದ ಕಡ್ಡಿ ಒಣಗಬಾರದೆಂದು ಅವರು ಅದನ್ನು ತುಟಿಗಳ ನಡುವೆ ಹಿಡಿದುಕೊಂಡು ಗಿಡ ಸೀಳುತ್ತಿದ್ದರು. ಆಮೇಲೆ ಬಾಯಿಂದ ತೆಗೆದು, ಬಿಸ್ಮಿಲ್ಲಾ ಎಂದು ಸೀಳಿನಲ್ಲಿ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಿದ್ದರು. ಪ್ರತಿ ಗಿಡಕ್ಕೂ ಹಾಗೆಯೇ. ನಾನು ಪಕ್ಕದಲ್ಲಿ ಪಟ್ಟಿ ಹಿಡಿದು ನಿಂತು ಎಲ್ಲ ನೋಡಿದೆ. ಮುಖವನ್ನಾದರೂ ಆಚೆ ತಿರುಗಿಸಬಹುದಿತ್ತು, ನಾಚಿಕೆಗೆಟ್ಟವನು ನಾನು.

ಮೊದಲ ಫಸಲಿನ ದಿನ ಅವರು ಸಣ್ಣ ಬುಟ್ಟಿ ಹಿಡಿದು ತಾವಾಗಿಯೇ ಬಂದರು. ತಮ್ಮ ಅಮ್ಮನಿಗೆ ಎರಡು ಗೊನೆ ಬೇಕಂತೆ. ನಾನೇ ಒಳ್ಳೆಯವನ್ನು ಆರಿಸಿ ಬುಟ್ಟಿ ತುಂಬಿದೆ. ಕ್ರೇಟು ಏರಿಸುತ್ತಿದ್ದ ಲಾರಿ ಡ್ರೈವರ್ ನಕ್ಕ.

"ಕಾಕಾ, ಹಂಗ ತಿಂದ್ರ ಏನ್ ಐತಿ? ವೈನ್ ಆದ ಮ್ಯಾಲ ನೋಡ್ರಿ ಇದರ ಮಜಾ!"

ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಗೊನೆಗಳನ್ನು ಒಂದೊಂದಾಗಿ, ಹಣ್ಣು ಉದುರದ ಹಾಗೆ ಕ್ರೇಟಿಗೆ ಮರಳಿಸಿ, ಖಾಲಿ ಬುಟ್ಟಿ ಹಿಡಿದು ಹೊರಟುಹೋದರು.

ಎಂಟು ದಿನ ಬಿಟ್ಟು ಲಕ್ಷ್ಮೇಶ್ವರಕ್ಕೆ ಹೋದೆ. ಬಾಗಿಲಲ್ಲೇ "ತಪ್ಪಾತು ಅಣ್ಣಾ" ಎಂದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ.

"ನಂದು ಇರ್ಲಿ ಬಿಡ್ರಿ, ನಾ ಅಲ್ಲಾನ ಕಡೆ ಮಾಫಿ ಕೇಳ್ಕೋತೀನಿ." ದನಿ ತಗ್ಗಿಸಿದರು. "ಅಮ್ಮಾ ದಿನಾ ನಿಮ್ಮ ಕಸಿ ಹಿಡೀಲಿ, ಹಣ್ಣು ಬಿಡ್ಲಿ ಅಂತ ದುವಾ ಮಾಡ್ಯಾಳ. ಹಣ್ಣು ಯಾಕ ತರಲಿಲ್ಲ ಅಂತ ಕೇಳಾಕತ್ತಾಳ. ಆಕಿಗೆ ಏನ್ ಹೇಳ್ಲಿ?"

ಒಳಗೆ ಹೋಗಿ ಆ ತಾಯಿಯ ಕಾಲು ಹಿಡಿಯಬಹುದಿತ್ತು. ಧೈರ್ಯ ಬರಲಿಲ್ಲ.

"ಕಸಿ ಹಣ್ಣು ಬಿಡಲಿಲ್ಲ ಅಂತ ಹೇಳಿಬಿಡ್ರಿ" ಎಂದೆ.

ಅವರು ಒಳಗೆ ಹೋಗಿ ಹಾಗೆಯೇ ಹೇಳಿದರು. ತನ್ನ ದುವಾದಲ್ಲೇ ಏನೋ ಕಡಿಮೆಯಾಯಿತೆಂದು ಆ ಮುದುಕಿ ಅತ್ತದ್ದು ಬಾಗಿಲ ಹೊರಗೆ ನನಗೆ ಕೇಳಿಸಿತು.